ಗ್ಯಾರೇಜಿಗೂ ಒಂದು ಗೋಷ್ಠಿ

ಸಮ್ಮೇಳನದ ಸಿದ್ಧತೆಗಾಗಿ ಕರೆದಿದ್ದ ಸಭೆಯೊಂದರಲ್ಲಿ ನಾನೊಂದು ಸಲಹೆ ಇಟ್ಟೆ. ಕವಿಗೋಷ್ಠಿ, ಗಡಿಗೋಷ್ಠಿ, ಮಹಿಳಾಗೋಷ್ಠಿಗಳ ಜೊತೆಗೆ ಈ ಸಲ ದುರಸ್ತಿಯ ಕುರಿತೂ ಒಂದು ಗೋಷ್ಠಿ ಇರಲಿ ಎಂದೆ. ಹಿರಿಯರೊಬ್ಬರು ಕನ್ನಡಕ ತೆಗೆದು, ‘ಇದು ಸಾಹಿತ್ಯ ಸಮ್ಮೇಳನರೀ, ಗ್ಯಾರೇಜ್ ಅಲ್ಲ’ ಎಂದರು. ಸಭೆ ನಕ್ಕಿತು. ನಾನೂ ನಕ್ಕೆ. ಗಡಹಿಂಗ್ಲಜಿನ ಬಸ್ಸು ಹತ್ತಿ ಕುಳಿತ ಮೇಲೆ ಆ ನಗು ಇಳಿಯಿತು. ಆ ಮಾತು ಇಳಿಯಲಿಲ್ಲ. ಅದಕ್ಕೆ ಕೊಡಬೇಕಾದ ಉತ್ತರವನ್ನು ಅಂದು ಕೊಡಲಾಗಲಿಲ್ಲ. ಸಂಪಾದಕರು ಪುಟಗಳನ್ನು ಕೊಟ್ಟಿದ್ದಾರೆ, ಇಲ್ಲಿ ಕೊಡುತ್ತೇನೆ.

ನಮ್ಮ ಗಡಿಭಾಗದ ಯಾವ ಸಭೆಯಾದರೂ ಕಾವೇರಿಯಿಂದ ಗೋದಾವರಿಯವರೆಗೆ ಎಂದೇ ಆರಂಭವಾಗುತ್ತದೆ. ಆಮೇಲೆ ಶಿಲಾಹಾರರ ಶಾಸನಗಳು ಬರುತ್ತವೆ. ಕೊನೆಗೆ, ಮಕ್ಕಳು ಕನ್ನಡ ಮರೆಯುತ್ತಿದ್ದಾರೆ ಎಂಬ ಕಳವಳ. ಮೂರೂ ನಿಜವೇ. ಆದರೆ ಆ ಮಕ್ಕಳು ಹಗಲಿಡೀ ಏನು ಮಾಡುತ್ತಾರೆ ಎಂದು ನಾವು ಕೇಳಿದ್ದುಂಟೆ? ಒಬ್ಬ ಶಿರೋಲಿಯ ಫೌಂಡ್ರಿಯಲ್ಲಿ ಅಚ್ಚು ಕಟ್ಟುತ್ತಾನೆ, ಇನ್ನೊಬ್ಬ ಇಚಲಕರಂಜಿಯ ಮಗ್ಗದ ಶೆಡ್ಡಿನಲ್ಲಿ ಜಾಬರನ ಕೈಕೆಳಗೆ ಕಲಿಯುತ್ತಾನೆ, ಮತ್ತೊಬ್ಬ ಕೊಲ್ಹಾಪುರದ ಶಿವಾಜಿ ಉದ್ಯಮನಗರದಲ್ಲಿ ಲೇಥಿನ ಮುಂದೆ ನಿಂತಿದ್ದಾನೆ. ಎಂಟು ಗಂಟೆ ಯಂತ್ರದ ಜೊತೆ ಬದುಕುವವನಿಗೆ ನಾವು ವರ್ಷಕ್ಕೊಮ್ಮೆ ಶಾಲು ಹೊದೆಸಿದ ಕವಿಗಳನ್ನು ತೋರಿಸಿ, ‘ಇದು ನಿನ್ನ ಭಾಷೆ’ ಎನ್ನುತ್ತೇವೆ. ಅವನು ನಂಬದಿದ್ದರೆ ತಪ್ಪು ಅವನದೇ?

ನನ್ನ ವಾದವನ್ನು ಗಾಳಿಯಲ್ಲಿ ಕಟ್ಟುವುದಿಲ್ಲ. ಒಂದು ಯಂತ್ರವನ್ನು ಮುಂದಿಟ್ಟುಕೊಂಡೇ ಹೇಳುತ್ತೇನೆ.

ಜಪಾನಿನ ಸ್ಪೋರ್ಟ್ಸ್ ಕಾರುಗಳ ಕಾಲವೊಂದಿತ್ತು. 1967ರಲ್ಲಿ ಟೊಯೋಟಾ ಕಂಪನಿಯು ಯಮಾಹಾದ ನೆರವಿನಿಂದ 2000 ಜಿಟಿ ಎಂಬ ಕಾರನ್ನು ಮಾರಾಟಕ್ಕೆ ತಂದಿತು. ಮೂರು ವರ್ಷಗಳಲ್ಲಿ ತಯಾರಾದವು ಸುಮಾರು 350 ಮಾತ್ರ. ಅಂಥದು ನಮ್ಮ ಜಿಲ್ಲೆಯ ಧೂಳು ಕಾಣಲಿಲ್ಲ. ನಮಗೆ ಜಪಾನಿನ ವೇಗ ಬಂದದ್ದು ಎರಡು ಗಾಲಿಗಳ ಮೇಲೆ. ಯಮಾಹಾ ಆರ್‌ಡಿ 350 ಎಂಬ ಬೈಕನ್ನು ಎಸ್ಕಾರ್ಟ್ಸ್ ಕಂಪನಿಯು 1983ರಿಂದ 1989ರವರೆಗೆ ಇಲ್ಲಿಯೇ ತಯಾರಿಸಿ ರಾಜದೂತ್ 350 ಎಂಬ ಹೆಸರಿನಲ್ಲಿ ಮಾರಿತು. 347 ಸಿಸಿ, ಎರಡು ಸಿಲಿಂಡರ್, ಆರು ಗೇರು, ಟೂ ಸ್ಟ್ರೋಕ್ ಎಂಜಿನ್. ಪೆಟ್ರೋಲು ಕುಡಿಯುವುದರಲ್ಲಿ ಅದಕ್ಕೆ ನಾಚಿಕೆಯಿಲ್ಲ, ನಿಲ್ಲಿಸುವ ಬ್ರೇಕಿನಲ್ಲಿ ಅಷ್ಟು ಉತ್ಸಾಹವಿಲ್ಲ. ಆದರೂ ಅದು ಸಂಕೇಶ್ವರದ ರಸ್ತೆಯಲ್ಲಿ ಹಾದುಹೋದಾಗ ಹೊಲದಲ್ಲಿದ್ದವರು ತಲೆಯೆತ್ತಿ ನೋಡುತ್ತಿದ್ದರು. ಅಂಥದೊಂದು ನಮ್ಮ ಮನೆಯಲ್ಲಿದೆ. ನನ್ನ ಅಣ್ಣ ಕೊಂಡದ್ದು, ಅವನು ಈಗಿಲ್ಲ.

ಆ ಬೈಕಿನ ಎಡಗಡೆಯ ಪಿಸ್ಟನ್ ಒಂದು ಬೇಸಿಗೆಯಲ್ಲಿ ಜಾಮ್ ಆಯಿತು. ಒಂದು ಗ್ಯಾರೇಜಿಗೆ ಕೊಟ್ಟೆವು. ಬೋರ್ ಮಾಡಿಸಿ ಹೊಸ ಪಿಸ್ಟನ್ ಹಾಕಿ ಕೊಟ್ಟರು. ಮಳೆಗಾಲ ಮುಗಿಯುವ ಮೊದಲೇ ಅದೇ ಎಡ ಪಿಸ್ಟನ್ ಮತ್ತೆ ಕಚ್ಚಿತು. ಮತ್ತೆ ಬೋರ್, ಮತ್ತೆ ಪಿಸ್ಟನ್. ಮೂರನೆಯ ಸಲ ಅವರು ಹೇಳಿದ್ದು: ‘ಎಂಜಿನ್ ಮುಗಿದೇತ್ರಿ. ಗಿರಾಕಿ ಅದಾನ, ಕೊಟ್ಟುಬಿಡ್ರಿ.’ ಎಂಜಿನ್ ಮುಗಿದಿದ್ದರೆ ಗಿರಾಕಿ ಏಕೆ ಇದ್ದಾನೆ ಎಂದು ಕೇಳುವ ಬುದ್ಧಿ ನನಗೆ ಆಗ ಬರಲಿಲ್ಲ. ಬೈಕನ್ನು ಟೆಂಪೋದಲ್ಲಿ ಹಾಕಿ ಮನೆಗೆ ತಂದು ಪಡಸಾಲೆಯಲ್ಲಿ ನಿಲ್ಲಿಸಿದೆ.

ಇಲ್ಲಿ ನನ್ನ ತಂಗಿಯ ಮಗನನ್ನು ಕರೆತರಬೇಕು. ಇಚಲಕರಂಜಿಯ ಹುಡುಗ, ಓದಿದ್ದು ಮರಾಠಿಯಲ್ಲಿ, ಮನೆಯಲ್ಲಿ ಕನ್ನಡ ಆಡುತ್ತಾನೆ, ಅಕ್ಷರ ಬಾರದು. ನಾವು ಭಾಷಣಗಳಲ್ಲಿ ‘ಕಳೆದುಹೋದ ಪೀಳಿಗೆ’ ಎನ್ನುತ್ತೇವಲ್ಲ, ಅವನೇ. ಭಾನುವಾರ ಬಂದವನು ಬೈಕಿನ ಸುತ್ತ ಒಂದು ಸುತ್ತು ಹಾಕಿ, ‘ಮಾಮಾ, ಎರಡೂ ಸಲ ಎಡಗಡೀದ ಹೋಗೇತೇನ್ರಿ? ಹಂಗಾರ ಬಲಗಡೀದ ಸಾಕ್ಷಿ ಐತಲ್ರಿ’ ಎಂದ.

ಓದುಗರು ಈ ಮಾತಿನ ಮೇಲೆ ಸ್ವಲ್ಪ ನಿಲ್ಲಬೇಕು. ಅವಳಿ ಸಿಲಿಂಡರಿನ ಈ ಎಂಜಿನ್ನಿನಲ್ಲಿ ಎರಡು ಕಾರ್ಬುರೇಟರ್, ಎರಡು ಪ್ಲಗ್, ಎರಡು ಕಾಯಿಲ್, ಎರಡು ಜೊತೆ ಪಾಯಿಂಟುಗಳು. ಎಡವೂ ಬಲವೂ ಒಂದೇ ಪೆಟ್ರೋಲು ಕುಡಿಯುತ್ತವೆ, ಒಂದೇ ಸವಾರನನ್ನು ಹೊರುತ್ತವೆ. ಆದುದರಿಂದ ರೋಗವಿರುವ ಕಡೆಯದನ್ನು ಆರೋಗ್ಯವಿರುವ ಕಡೆಗೆ, ಅಲ್ಲಿಯದನ್ನು ಇಲ್ಲಿಗೆ ಒಂದೊಂದಾಗಿ ಬದಲಿಸುತ್ತ ಹೋದರೆ, ಯಾವ ವಸ್ತುವಿನ ಜೊತೆಗೆ ರೋಗವೂ ಹೊರಡುತ್ತದೋ ಅದೇ ಅಪರಾಧಿ. ಹೊರಡದಿದ್ದರೆ ಅದು ನಿರಪರಾಧಿ. ಯಾವ ಹೊಸ ಭಾಗವನ್ನೂ ಕೊಳ್ಳದೆ ನಡೆಯುವ ಪರೀಕ್ಷೆ ಇದು.

ಮೊದಲು ಎಂಜಿನ್ ಓಡುವಂತಾಗಬೇಕಲ್ಲ. ಬೋರ್ ಮಾಡುವ ಕೆಲಸ ಮನೆಯದಲ್ಲ. ಸಿಲಿಂಡರನ್ನು ಉದ್ಯಮನಗರಕ್ಕೆ ಒಯ್ದು ಬೋರ್ ಮಾಡಿಸಿಕೊಂಡು ಬಂದು ನಾವೇ ಜೋಡಿಸಿದೆವು. ನಿಧಾನವಾಗಿ ಓಡಿಸಿ ಪ್ಲಗ್ ಬಿಚ್ಚಿ ನೋಡಿದೆವು. ಬಲಗಡೆಯದರ ತುದಿ ಕಾಫಿಪುಡಿಯ ಬಣ್ಣ, ಇರಬೇಕಾದದ್ದು ಹಾಗೆಯೇ. ಎಡಗಡೆಯದು ಸುಣ್ಣದ ಬಿಳುಪು. ಬಿಳುಪೆಂದರೆ ಒಳಗೆ ತಾಪ ಮೀರಿದೆ. ಪೆಟ್ರೋಲಿಗೆ ಬೇಕಾದುದಕ್ಕಿಂತ ಹೆಚ್ಚು ಗಾಳಿ ಸೇರುತ್ತಿರಬಹುದು, ಕಿಡಿ ಬೇಗ ಬೀಳುತ್ತಿರಬಹುದು, ಎಣ್ಣೆ ಸಾಲದಿರಬಹುದು. ಪ್ಲಗ್ ಅದಲುಬದಲು ಮಾಡಿದೆವು. ಬಿಳುಪು ಎಡಗಡೆಯೇ ಉಳಿಯಿತು. ಜೆಟ್ಟುಗಳನ್ನು ಬದಲಿಸಿದೆವು, ಎಡವೇ. ಕಾರ್ಬುರೇಟರನ್ನು ಶಂಕಿಸಿ ಎರಡು ಭಾನುವಾರ ಹಾಳು ಮಾಡಿದೆವು. ಆ ಹಟ ನನ್ನದು, ಹುಡುಗನದಲ್ಲ. ಪಾಯಿಂಟುಗಳ ಸಂದಿಯನ್ನು ಫೀಲರ್ ಗೇಜಿನಲ್ಲಿ ಅಳೆದು, ಕಿಡಿ ಬೀಳುವ ಹೊತ್ತನ್ನು ಸರಿಮಾಡಿದೆವು. ಎಣ್ಣೆಯ ಪಂಪಿನಿಂದ ಎರಡೂ ಸಿಲಿಂಡರಿಗೆ ಬರುವ ಸಣ್ಣ ನಳಿಗೆಗಳನ್ನು ನೋಡಿದೆವು. ಎರಡರಲ್ಲೂ ಎಣ್ಣೆ ಸಮನಾಗಿ ಹರಿಯುತ್ತಿತ್ತು. ಬಿಚ್ಚಿದ ಬೋಲ್ಟುಗಳು ಕಲೆಸಿಹೋಗದಂತೆ ಇಡ್ಲಿ ತಟ್ಟೆಯ ಗುಳಿಗಳಲ್ಲಿ ಕ್ರಮವಾಗಿ ಇಡುತ್ತಿದ್ದೆವು. ಮನೆಯವಳು ಆ ತಟ್ಟೆಗಳನ್ನು ನಮಗೇ ಬಿಟ್ಟುಕೊಟ್ಟು ಹೊಸದನ್ನು ತಂದಳು, ಖರ್ಚಿನ ಲೆಕ್ಕದಲ್ಲಿ ಅದನ್ನೂ ಸೇರಿಸಬೇಕು.

ಉಳಿದದ್ದು ಕಣ್ಣಿಗೆ ಕಾಣದ ಜಾಗ. ಟೂ ಸ್ಟ್ರೋಕ್ ಎಂಜಿನ್ನಿನಲ್ಲಿ ಪೆಟ್ರೋಲು ಗಾಳಿಯ ಮಿಶ್ರಣ ನೇರವಾಗಿ ಸಿಲಿಂಡರಿಗೆ ಹೋಗುವುದಿಲ್ಲ. ಕೆಳಗೆ ಕ್ರ್ಯಾಂಕ್ ತಿರುಗುವ ಕೋಣೆಗೆ ಮೊದಲು ಬಂದು, ಪಿಸ್ಟನ್ ಇಳಿಯುವಾಗಿನ ಒತ್ತಡಕ್ಕೆ ಮೇಲೇರುತ್ತದೆ. ಅಂದರೆ ಆ ಕೋಣೆಯೇ ಒಂದು ಪಂಪು. ಕ್ರ್ಯಾಂಕಿನ ತುದಿಗಳು ಹೊರಬರುವಲ್ಲಿ ರಬ್ಬರಿನ ಸೀಲುಗಳಿರುತ್ತವೆ. ಬಲಗಡೆಯ ಸೀಲು ಹೋದರೆ ಎಂಜಿನ್ ಗೇರ್ ಬಾಕ್ಸಿನ ಎಣ್ಣೆಯನ್ನು ಹೀರಿ ದಟ್ಟ ಹೊಗೆ ಬಿಡುತ್ತದೆ, ಓಣಿಗೆಲ್ಲ ತಿಳಿಯುತ್ತದೆ. ಎಡಗಡೆಯ ಸೀಲಿನ ಆಚೆ ಎಣ್ಣೆಯಿಲ್ಲ, ಬರಿಯ ಗಾಳಿ. ಅದು ಹೋದರೆ ಹೊಗೆಯಿಲ್ಲ, ಕಲೆಯಿಲ್ಲ. ಮೌನವಾಗಿ ಗಾಳಿ ಒಳಸೇರಿ ಮಿಶ್ರಣ ತೆಳುವಾಗುತ್ತದೆ, ಪಿಸ್ಟನ್ ಕಾದು ಹಿಗ್ಗುತ್ತದೆ, ಕಚ್ಚುತ್ತದೆ.

ಆದರೆ ಪರೀಕ್ಷಿಸುವುದು ಹೇಗೆ? ‘ಮಾಮಾ, ಪಂಚರ್ ತಗದಂಗ ತಗಿಯೂಣು’ ಎಂದ ಹುಡುಗ. ಹಳೆಯ ಟ್ಯೂಬಿನ ರಬ್ಬರಿನಿಂದ ಸೈಲೆನ್ಸರಿನ ಬಾಯಿಯನ್ನೂ ಕಾರ್ಬುರೇಟರ್ ಕೂರುವ ಬಾಯಿಯನ್ನೂ ಮುಚ್ಚಿದೆವು. ಎರಡನೆಯದಕ್ಕೆ ಸೈಕಲ್ ಟ್ಯೂಬಿನ ವಾಲ್ವ್ ಕೂರಿಸಿದೆವು. ಎಡಬದಿಯ ಮುಚ್ಚಳವನ್ನೂ ಅದರ ಒಳಗಿನ ಆಲ್ಟರ್ನೇಟರನ್ನೂ ಗುರುತು ಹಾಕಿಕೊಂಡು ಕಳಚಿ, ಸೀಲಿನ ಸುತ್ತ ಸಾಬೂನು ನೀರು ಹಚ್ಚಿ, ಸೈಕಲ್ ಪಂಪಿನಿಂದ ಮೆಲ್ಲನೆ ಒತ್ತಿದೆವು. ಜೋರಾಗಿ ಒತ್ತಬಾರದು, ಒಳ್ಳೆಯ ಸೀಲೂ ಜಾಗ ಬಿಟ್ಟೀತು. ಕ್ರ್ಯಾಂಕಿನ ಸುತ್ತ ಸಾಸಿವೆಯಷ್ಟು ಗುಳ್ಳೆಗಳು ಒಂದರ ಹಿಂದೊಂದು ಎದ್ದವು.

ಎರಡು ಬೋರ್, ಎರಡು ಪಿಸ್ಟನ್, ಒಂದೂವರೆ ವರ್ಷ, ಮಾರಿಬಿಡಿ ಎಂಬ ಉಪದೇಶ; ಇಷ್ಟಕ್ಕೂ ಕಾರಣ ಇಬ್ಬರ ಊಟದ ಬೆಲೆಯ ಒಂದು ರಬ್ಬರ್ ಉಂಗುರ. ಗ್ಯಾರೇಜಿನವರು ಕೆಟ್ಟವರೆಂದು ನಾನು ಹೇಳುವುದಿಲ್ಲ. ಅವರು ಕೆಟ್ಟದ್ದನ್ನು ಬದಲಿಸಿದರು. ಏಕೆ ಕೆಟ್ಟಿತು ಎಂದು ಕೇಳಲಿಲ್ಲ. ನಮ್ಮ ಕಾಲದ ರೋಗವೇ ಇದು. ಕಾರಣವನ್ನು ಹುಡುಕಲು ಹೊತ್ತು ಬೇಕು, ಹೊತ್ತಿಗೆ ಬಿಲ್ಲು ಹಾಕಲು ಬಾರದು. ಭಾಗಕ್ಕೆ ಬಿಲ್ಲು ಹಾಕಬಹುದು.

ಈಗ ಹಿರಿಯರ ಮಾತಿಗೆ ಬರುತ್ತೇನೆ. ಇದು ಸಾಹಿತ್ಯವಲ್ಲ ಎಂದರು. ಕೊಲ್ಹಾಪುರದ ರಾಜಾರಾಂ ಕಾಲೇಜಿನಲ್ಲಿ ಕೆ. ಜಿ. ಕುಂದಣಗಾರರೂ ಆ. ನೇ. ಉಪಾಧ್ಯೆಯವರೂ ಪಾಠ ಹೇಳಿದರು. ಮುಂದೆ ಒಬ್ಬರು 1961ರಲ್ಲಿ ಗದಗಿನಲ್ಲಿ, ಇನ್ನೊಬ್ಬರು 1967ರಲ್ಲಿ ಶ್ರವಣಬೆಳಗೊಳದಲ್ಲಿ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾದರು. ಸದಲಗಾದಲ್ಲಿ ಹುಟ್ಟಿದ ಉಪಾಧ್ಯೆಯವರು ತಮ್ಮ ಆಯುಷ್ಯದ ಬಹುಭಾಗವನ್ನು ಪ್ರಾಕೃತ ಗ್ರಂಥಗಳ ಸಂಪಾದನೆಗೆ ಕೊಟ್ಟರು. ಗ್ರಂಥಸಂಪಾದನೆ ಎಂದರೇನು? ಎರಡು ಪ್ರತಿಗಳನ್ನು ಅಕ್ಕಪಕ್ಕದಲ್ಲಿಟ್ಟು, ಎಲ್ಲಿ ಒಂದು ಪ್ರತಿಯ ಪಾಠ ಇನ್ನೊಂದರಿಂದ ಬೇರೆಯಾಗುತ್ತದೆ, ತಪ್ಪು ಯಾವ ಲಿಪಿಕಾರನ ಕೈಯಲ್ಲಿ ಹೊಕ್ಕಿತು ಎಂದು ಹಿಂದಕ್ಕೆ ಹಿಂದಕ್ಕೆ ಹೋಗಿ ಹಿಡಿಯುವುದು. ಅರ್ಥವಾಗದ ಶಬ್ದವನ್ನು ಕಿತ್ತುಹಾಕಿ ತನಗೆ ತೋಚಿದ ಹೊಸ ಶಬ್ದ ಕೂರಿಸುವ ಸಂಪಾದಕನನ್ನು ವಿದ್ವಾಂಸರು ಕ್ಷಮಿಸುವುದಿಲ್ಲ. ಎಡ ಸಿಲಿಂಡರಿನ ಮುಂದೆ ಕುಳಿತು ‘ಬಲಗಡೀದ ಸಾಕ್ಷಿ ಐತಿ’ ಎಂದ ಹುಡುಗ ಮಾಡಿದ್ದೂ ಪಾಠಪರಿಷ್ಕರಣವನ್ನೇ. ತಾಳೆಗರಿಯ ಮುಂದೆ ಕೂತರೆ ಪಾಂಡಿತ್ಯ, ಎಂಜಿನ್ನಿನ ಮುಂದೆ ಕೂತರೆ ಗ್ಯಾರೇಜು ಎಂಬ ಈ ಭೇದವನ್ನು ನಮಗೆ ಹೇಳಿಕೊಟ್ಟವರು ಯಾರು? ಉತ್ತರ ನಮ್ಮೆಲ್ಲರಿಗೂ ಗೊತ್ತು. ಕೈ ಕೊಳೆಯಾಗುವ ಕೆಲಸ ಯಾರದು, ಆಗದ ಕೆಲಸ ಯಾರದು ಎಂದು ಸಾವಿರ ವರ್ಷ ಹಂಚಿಕೊಂಡವರು ನಾವು.

ಇನ್ನೊಂದು ಆಕ್ಷೇಪವನ್ನೂ ಅಂದು ಯಾರೋ ಪಿಸುಗುಟ್ಟಿದ್ದರು: ‘ಅದರಾಗ ಕನ್ನಡ ಎಲ್ಲೈತ್ರಿ? ಎಲ್ಲಾ ಕಾರ್ಬುರೇಟರ್, ಪಿಸ್ಟನ್, ಪಾನಾ.’ ಒಪ್ಪಿದೆ. ನಾಮಪದಗಳು ಇಂಗ್ಲಿಷಿನವು, ಕೆಲವು ಮರಾಠಿಯವು. ಬೆಲೆಗೆ ಬಂದ ವಸ್ತು ತನ್ನ ಹೆಸರನ್ನು ಜೊತೆಗೇ ತರುತ್ತದೆ, ಅದರಿಂದ ಭಾಷೆ ಕೆಡುವುದಿಲ್ಲ. ಕ್ರಿಯಾಪದಗಳನ್ನು ನೋಡಿ: ಬಿಗಿ, ಕಳಚು, ಕೂರಿಸು, ಕಚ್ಚು, ಸವೆ, ತೇಯು, ಅದಿರು, ಹೀರು. ಇವು ಯಾವುದೂ ಹೊರಗಿನಿಂದ ಬಂದವಲ್ಲ. ದ್ರವವೊಂದು ತನ್ನ ಜಾಗ ಬಿಟ್ಟು ಹೊರಬರುವುದಕ್ಕೆ ನಮ್ಮಲ್ಲಿ ಎಷ್ಟು ಮಾತುಗಳಿವೆ! ಒಸರುತ್ತದೆ, ಜಿನುಗುತ್ತದೆ, ತೊಟ್ಟಿಕ್ಕುತ್ತದೆ, ಸೋರುತ್ತದೆ, ಬಸಿಯುತ್ತದೆ. ಗ್ಯಾಸ್ಕೆಟಿನ ಅಂಚಿನಲ್ಲಿ ಎಣ್ಣೆ ಒಸರಿದರೆ ಒರೆಸಿ ಕಾದು ನೋಡಬಹುದು. ಪೆಟ್ರೋಲ್ ಕಾಕಿನಿಂದ ತೊಟ್ಟಿಕ್ಕಿದರೆ ಆ ಕ್ಷಣವೇ ನಿಲ್ಲಿಸಬೇಕು. ಎರಡಕ್ಕೂ ‘ಲೀಕೇಜ್ ಐತಿ’ ಎನ್ನುವವನು ರೋಗದ ಅರ್ಧ ಮಾಹಿತಿಯನ್ನು ಬಾಯಲ್ಲೇ ಕಳೆದುಕೊಂಡ. ನಮ್ಮ ಅಜ್ಜಿಯರು ಮಜ್ಜಿಗೆಯ ಗಡಿಗೆಯ ಬಗ್ಗೆ ಇದಕ್ಕಿಂತ ಕರಾರುವಾಕ್ಕಾಗಿ ಮಾತಾಡುತ್ತಿದ್ದರು.

ಆ ಹುಡುಗ ಕೆಲಸ ಮುಗಿದ ಮೇಲೆ ಕೇಳಿದ: ‘ಮಾಮಾ, ಇದೆಲ್ಲಾ ಕನ್ನಡದಾಗ ಬರದದ್ದು ಪುಸ್ತಕ ಐತೇನ್ರಿ? ಇದ್ದರ ನಾ ಅಕ್ಷರ ಕಲಿತೀನಿ.’ ನನ್ನ ಕಪಾಟಿನಲ್ಲಿ ನಾನೂರು ಕನ್ನಡ ಪುಸ್ತಕಗಳಿವೆ. ಅವನ ಕೈಗೆ ಕೊಡಲು ಅಂಥದೊಂದು ಸಿಗಲಿಲ್ಲ. ಶಿವರಾಮ ಕಾರಂತರು ಕಾದಂಬರಿಗಳ ನಡುವೆಯೇ ಬಿಡುವು ಮಾಡಿಕೊಂಡು ‘ಬಾಲ ಪ್ರಪಂಚ’ವನ್ನೂ ‘ವಿಜ್ಞಾನ ಪ್ರಪಂಚ’ವನ್ನೂ ಬರೆದವರು. ಅವರ ಹೆಸರಿನಲ್ಲಿ ವೇದಿಕೆ ಕಟ್ಟುವ ನಾವು ಆ ದಾರಿಯಲ್ಲಿ ಎಷ್ಟು ಹೆಜ್ಜೆ ಇಟ್ಟೆವು? ಕಾದಂಬರಿಕಾರ ಕಾರಂತರನ್ನು ಪೂಜೆಗೆ ಇಟ್ಟುಕೊಂಡೆವು, ವಿಶ್ವಕೋಶದ ಕಾರಂತರನ್ನು ಅಟ್ಟಕ್ಕೆ ಹಾಕಿದೆವು.

ದುರಸ್ತಿ ಎಂದರೆ ಕೆಳಗಿನ ಕೆಲಸ, ನಿರ್ಮಾಣ ಎಂದರೆ ಮೇಲಿನದು ಎನ್ನುವವರಿಗೆ ಹಮಾಮತ್ಸು ಎಂಬ ಊರಿನ ಕಥೆ ಹೇಳಬೇಕು. 1887ರಲ್ಲಿ ಅಲ್ಲಿಯ ಶಾಲೆಯೊಂದರ ಪರದೇಶಿ ಆರ್ಗನ್ ಕೆಟ್ಟು ನಿಂತಿತು. ಸರಿಮಾಡಲು ಕರೆದದ್ದು ತೊರಾಕುಸು ಯಮಾಹಾ ಎಂಬ ದುರಸ್ತಿಗಾರನನ್ನು. ಅವನು ಅದನ್ನು ಬಿಚ್ಚಿ, ಒಳಗಿನ ರಚನೆಯನ್ನು ತಿಳಿದು ಸರಿಮಾಡಿದ. ಆಮೇಲೆ ತಾನೇ ಒಂದನ್ನು ಕಟ್ಟಿದ. ಯಮಾಹಾ ಎಂಬ ಹೆಸರು ಹುಟ್ಟಿದ್ದು ಆ ದುರಸ್ತಿಯಿಂದ. ನಮ್ಮ ಭಜನೆಯ ಬಾಜಾಪೆಟ್ಟಿಗೆಯಲ್ಲಿ ಗಾಳಿಗೆ ಮಿಡಿಯುವ ಲೋಹದ ನಾಲಗೆಗಳಿವೆಯಲ್ಲ, ಅಂಥ ರೀಡುಗಳೇ ಆ ಆರ್ಗನ್ನಿನ ಜೀವ. ರಾಜದೂತಿನ ಎಂಜಿನ್ನಿಗೆ ಉಸಿರು ಒಳಬಿಡುವ ಕವಾಟಗಳೂ ಅಂಥವೇ ತೆಳುವಾದ ಉಕ್ಕಿನ ಎಲೆಗಳು. ಅವಕ್ಕೂ ರೀಡು ಎಂದೇ ಹೆಸರು. ಅದೇ ಹಮಾಮತ್ಸುವಿನಲ್ಲಿ 1909ರಲ್ಲಿ ಮಿಚಿಯೊ ಸುಝುಕಿ ಆರಂಭಿಸಿದ್ದು ಮಗ್ಗದ ಕಾರ್ಖಾನೆ. ಅದರ ಮುಂದಿನ ಪೀಳಿಗೆಯೇ ಮಾರುತಿಯ ಜೊತೆಗೂಡಿ 1983ರಲ್ಲಿ ನಮ್ಮ ರಸ್ತೆಗೆ ಬಂತು. ಟೊಯೋಟಾದ ಮೂಲಪುರುಷ ಸಾಕಿಚಿ ಟೊಯೋಡಾ ಬಡಗಿಯ ಮಗ, ಅವನೂ ಮಗ್ಗದವನೇ. ಅವನ ಸ್ವಯಂಚಾಲಿತ ಮಗ್ಗದ ಪೇಟೆಂಟನ್ನು 1929ರಲ್ಲಿ ಇಂಗ್ಲೆಂಡಿನ ಪ್ಲಾಟ್ ಬ್ರದರ್ಸ್ ಕೊಂಡಿತು. 1937ರಲ್ಲಿ ಟೊಯೋಟಾ ಮೋಟಾರ್ ಕಂಪನಿ ನಿಂತಿತು. ಹೀಗೆ ನಾನು ಮೇಲೆ ಹೇಳಿದ 2000 ಜಿಟಿ ಎಂಬ ಆ ಚೆಲುವಿನ ಕಾರು ಒಂದು ಮಗ್ಗದ ಮನೆತನವೂ ಒಂದು ಬಾಜಾಪೆಟ್ಟಿಗೆ ದುರಸ್ತಿಯ ಮನೆತನವೂ ಕೂಡಿ ಹೆತ್ತ ಕೂಸು.

ಇಚಲಕರಂಜಿಗೂ ಮಗ್ಗ ಬಂದದ್ದು ತಡವಾಗಿಯೇನೂ ಅಲ್ಲ. ವಿಠ್ಠಲರಾವ್ ದಾತಾರರು ಅಲ್ಲಿ ಮೊದಲ ವಿದ್ಯುತ್ ಮಗ್ಗ ಹೂಡಿದ್ದು 1904ರಲ್ಲಿ, ಸುಝುಕಿಗಿಂತ ಐದು ವರ್ಷ ಮೊದಲು. ಕೊಲ್ಹಾಪುರದಲ್ಲಿ ಬಾಬುರಾವ್ ಪೇಂಟರ್ ತಮ್ಮ ಚಲನಚಿತ್ರದ ಕ್ಯಾಮರಾವನ್ನು ತಾವೇ ಕಟ್ಟಿಕೊಂಡು, 1920ರಲ್ಲಿ ‘ಸೈರಂಧ್ರಿ’ಯನ್ನು ತೆರೆಗೆ ತಂದರು. ಅವರ ಮನೆತನದ ಹೆಸರು ಮೇಸ್ತ್ರಿ ಎಂಬುದನ್ನು ಮರೆಯಬಾರದು. ಈ ನೆಲದ ಕೈಗಳಿಗೆ ಕೊರತೆ ಇರಲಿಲ್ಲ. ಮಗ್ಗದ ಸದ್ದಿನಲ್ಲೇ ತಪ್ಪನ್ನು ಗುರುತಿಸುವ ಜಾಬರರು ಇಂದಿಗೂ ಇದ್ದಾರೆ. ಅವರಲ್ಲಿ ಮನೆಮಾತು ಕನ್ನಡವಾದವರೂ ಇದ್ದಾರೆ. ಅವರು ಕಿವಿಯಿಂದ ಕಲಿತದ್ದನ್ನು ಬರೆದಿಡಲು ನಾವು ಒಂದು ಹಾಳೆಯನ್ನೂ ಕೊಟ್ಟಿಲ್ಲ. ಒಬ್ಬ ಜಾಬರ ತೀರಿಕೊಂಡರೆ ಅವನ ಕಿವಿಯೂ ಜೊತೆಗೇ ಹೋಗುತ್ತದೆ.

ಹೊಗೆಯ ಮಾತೂ ಉಂಟು, ಅದನ್ನು ಅಡಗಿಸುವುದಿಲ್ಲ. ಟೂ ಸ್ಟ್ರೋಕ್ ಎಂಜಿನ್ ಎಣ್ಣೆಯನ್ನೂ ಸುಡುತ್ತದೆ, ಸುಡದ ಪೆಟ್ರೋಲನ್ನೂ ಉಗುಳುತ್ತದೆ. ಊರೆಲ್ಲ ಇಂಥವನ್ನೇ ಓಡಿಸಲಿ ಎಂದು ನಾನು ಕೇಳುತ್ತಿಲ್ಲ. ನಮ್ಮದು ತಿಂಗಳಿಗೆರಡು ಸಲ ಹೊರಗೆ ಬರುತ್ತದೆ. ಆದರೆ ಹಳೆಯದೆಂಬ ಒಂದೇ ಕಾರಣಕ್ಕೆ ಗುಜರಿಗೆ ಹಾಕು ಎನ್ನುವವರು ಲೆಕ್ಕವನ್ನು ಪೂರ್ತಿ ಹೇಳಬೇಕು. ಖಾಸಗಿ ವಾಹನದ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ. ಬೈಕಿನ ನೋಂದಣಿ ನವೀಕರಣಕ್ಕೆ 300 ರೂಪಾಯಿ ಇದ್ದ ಶುಲ್ಕವನ್ನು 2022ರ ಏಪ್ರಿಲಿನಿಂದ 1000ಕ್ಕೆ ಏರಿಸಿದರು. ವಿಂಟೇಜ್ ಎಂಬ ಗೌರವ ಸಿಗಬೇಕಾದರೆ 2021ರ ನಿಯಮದಂತೆ 50 ವರ್ಷ ಮೀರಿರಬೇಕು. ಅಂದರೆ ಮೊದಲ ರಾಜದೂತ್ 350ಕ್ಕೂ 2033ರವರೆಗೆ ಆ ಭಾಗ್ಯವಿಲ್ಲ. ಅಲ್ಲಿಯವರೆಗೆ ಅದು ಹೊಸದೂ ಅಲ್ಲ, ಹಿರಿಯದೂ ಅಲ್ಲ. ಗಡಿನಾಡಿನ ಕನ್ನಡಿಗನಂತೆ ಎರಡು ಕಚೇರಿಗಳ ನಡುವೆ ಕಾಗದ ಹಿಡಿದು ನಿಂತಿರಬೇಕು. ಕೇಂದ್ರ ಸರ್ಕಾರ 2022ರ ಡಿಸೆಂಬರಿನಲ್ಲಿ ದುರಸ್ತಿಯ ಹಕ್ಕಿನ ಪೋರ್ಟಲ್ ತೆರೆಯಿತು. ಒಳ್ಳೆಯದೇ. ಆದರೆ ಯಂತ್ರವನ್ನು ಬಿಚ್ಚುವ ಧೈರ್ಯವಿಲ್ಲದವನಿಗೆ, ಬಿಚ್ಚಿದ್ದನ್ನು ತನ್ನ ಮಾತಿನಲ್ಲಿ ಓದಲು ಪುಸ್ತಕವಿಲ್ಲದವನಿಗೆ ಆ ಹಕ್ಕು ಕಪಾಟಿನಲ್ಲಿಟ್ಟ ಪಾನಾ ಇದ್ದಂತೆ.

ನಾನು ಕೇಳುವುದು ಹೆಚ್ಚಿನದಲ್ಲ. ಒಂದು ಗೋಷ್ಠಿ, ಎರಡು ಗಂಟೆ. ವೇದಿಕೆಯ ಮೇಲೆ ಪ್ರಾಧ್ಯಾಪಕರು ಬೇಡ. ಇಚಲಕರಂಜಿಯ ಒಬ್ಬ ಜಾಬರ, ಉದ್ಯಮನಗರದ ಒಬ್ಬ ಲೇಥಿನವ, ಹೊಲಿಗೆ ಯಂತ್ರ ಸರಿಮಾಡುವ ಒಬ್ಬ ತಾಯಿ. ಅವರು ತಮ್ಮ ಮಾತಿನಲ್ಲಿ ಆಡಿದ್ದನ್ನು ನಮ್ಮಲ್ಲಿ ಬರೆಯಬಲ್ಲವರು ಬರೆದುಕೊಳ್ಳಲಿ. ಮುಂದಿನ ಸ್ಮರಣ ಸಂಚಿಕೆಯಲ್ಲಿ ಅಭಿನಂದನೆಯ ನಾಲ್ಕು ಪುಟ ಕಡಿಮೆ ಮಾಡಿದರೆ ಅದನ್ನು ಅಚ್ಚು ಹಾಕಲು ಜಾಗ ಸಿಗುತ್ತದೆ. ಮುಂದಿನ ವರ್ಷ ಅದಕ್ಕೆ ಇನ್ನಷ್ಟು ಪುಟ ಸೇರಿಸಿ ಸಣ್ಣದೊಂದು ಕೈಪಿಡಿ ಮಾಡಿದರೆ ಆ ಹುಡುಗನಿಗೆ ಮೊದಲ ಪ್ರತಿ ಕೊಡುತ್ತೇನೆ. ಅವನು ಈಗ ಅಕ್ಷರಗಳಲ್ಲಿ ‘ಳ’ದವರೆಗೆ ಬಂದಿದ್ದಾನೆ, ಒತ್ತಕ್ಷರಗಳು ಇನ್ನೂ ಕಾಡುತ್ತವೆ.

ಎಂಜಿನ್ ಮುಗಿದಿದೆ ಎಂದಿದ್ದರಲ್ಲ, ಆ ಬೈಕಿನ ಮೇಲೆಯೇ ಈ ಸಮ್ಮೇಳನಕ್ಕೆ ಬರುತ್ತಿದ್ದೇವೆ. ಓಡಿಸುವವನು ಅವನು, ಹಿಂದೆ ಕೂರುವವನು ನಾನು. ಮಂಟಪದ ಹೊರಗೆ ಬೇವಿನ ಮರದ ಕೆಳಗೆ ನಿಲ್ಲಿಸಿರುತ್ತೇವೆ. ಕನ್ನಡಕ ತೆಗೆದು ಮಾತಾಡಿದ ಹಿರಿಯರು ಊಟದ ಬಿಡುವಿನಲ್ಲಿ ಅಲ್ಲಿಗೆ ಬರಬೇಕೆಂದು ವಿನಂತಿ. ಪ್ಲಗ್ ಬಿಚ್ಚಿ ತೋರಿಸುತ್ತೇವೆ. ಎಡಗಡೆಯದೂ ಈಗ ಕಾಫಿಪುಡಿಯ ಬಣ್ಣಕ್ಕೆ ಬಂದಿದೆ.